ಮಣಿಕಟ್ಟು ನೋವಿಗೆ ತೀನ್‌ತಾಲದ ಲೆಕ್ಕದಲ್ಲಿ ವ್ಯಾಯಾಮ

ಆ ಹುಡುಗ ಬಲಗೈಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ತಾಯಿ ಜೊತೆ ಬಂದಿದ್ದ. 17 ವರ್ಷ, ಪಿಯುಸಿ ಎರಡನೇ ವರ್ಷ, ತಬಲಾ ಕಲಿಯುತ್ತಿದ್ದಾನೆ. ಮಣಿಕಟ್ಟಿನ ಮೇಲ್ಭಾಗದಲ್ಲಿ ಎರಡು ತಿಂಗಳಿಂದ ನೋವು. ಮುಲಾಮು ಹಚ್ಚಿದ್ದಾಗಿತ್ತು, ಉಳುಕು ತೆಗೆಯುವವರ ಹತ್ತಿರ ಎರಡು ಸಲ ತಿಕ್ಕಿಸಿದ್ದೂ ಆಗಿತ್ತು. "ಹದಿನೈದು ದಿನ ತಬಲಾಕ್ಕ ಕೈ ಹಚ್ಚಿಲ್ರಿ ಮೇಡಂ. ಆರಾಮಾತು ಅಂತ ಮತ್ತ ಕುಂತ, ಎರಡ ದಿನಕ್ಕ ಅದೇ ನೋವ್ರಿ" ಅಂದರು ತಾಯಿ. ಹುಡುಗ ಕೇಳಿದ್ದು ಒಂದೇ ಮಾತು: "ತಬಲಾ ಬಿಡಬೇಕಾಗತೈತೇನ್ರಿ?"

ಧಾರವಾಡದಲ್ಲಿ ಫಿಸಿಯೋಥೆರಪಿ ಮಾಡುತ್ತ 11 ವರ್ಷವಾಯಿತು. ಮಣಿಕಟ್ಟು ನೋವು ಅಂತ ಬರುವ ಹುಡುಗ ಹುಡುಗಿಯರಲ್ಲಿ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ವಿಶ್ರಾಂತಿ ಕೊಟ್ಟರೆ ಕಡಿಮೆ, ಕೆಲಸಕ್ಕೆ ಹಚ್ಚಿದ ಕೂಡಲೇ ವಾಪಸ್. ವಿಶ್ರಾಂತಿಯಿಂದ ನೋವು ತಣ್ಣಗಾಗುತ್ತದೆ, ಆದರೆ ಕೈಗೆ ಬಲ ಬರುವುದಿಲ್ಲ. ಸುಮ್ನೆ ಇಟ್ಟ ಕೈ ಇನ್ನಷ್ಟು ಸೋತಿರುತ್ತದೆ. ಅದರ ಮೇಲೆ ಹಳೆಯ ಭಾರವನ್ನೇ ಒಮ್ಮೆಲೇ ಹೊರಿಸಿದರೆ ತಡೆಯಲ್ಲ.

ವ್ಯಾಯಾಮಕ್ಕೆ ಮೊದಲು ನಾನು ಬಿಡದೆ ಕೇಳುವ ಪ್ರಶ್ನೆ: ಕೈ ಊರಿ ಬಿದ್ದಿದ್ದೆಯಾ? ಹೆಬ್ಬೆರಳನ್ನು ಮೇಲಕ್ಕೆತ್ತಿದಾಗ ಅದರ ಬುಡದಲ್ಲಿ ಒಂದು ಸಣ್ಣ ಗುಳಿ ಬೀಳುತ್ತದೆ. ಬಿದ್ದ ಮೇಲೆ ಆ ಗುಳಿಯಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಸ್ಕೇಫಾಯ್ಡ್ ಎಂಬ ಮೂಳೆ ಮುರಿದಿರಬಹುದು. ಮಣಿಕಟ್ಟಿನ 8 ಸಣ್ಣ ಮೂಳೆಗಳಲ್ಲಿ ಅದೂ ಒಂದು. ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. ರಕ್ತ ಸಂಚಾರ ಕಡಿಮೆ ಇರುವ ಮೂಳೆ, ತಡ ಮಾಡಿದರೆ ಕೂಡುವುದೇ ಕಷ್ಟ. ಅಂಥವರನ್ನು ನಾನು ನೇರ ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ. ಬೆರಳು ಜೋಮು ಹಿಡಿಯುವುದು, ಬಾವು, ಬೆಳಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಜಾಸ್ತಿ ಬಿಗಿತ ಇದ್ದರೂ ಅಷ್ಟೇ. ಇಂಥ ಕೈಗೆ ಸುಮ್ನೆ ವ್ಯಾಯಾಮ ಹೇಳಿ ಕಳಿಸುವುದು ತಪ್ಪು.

ಈ ಹುಡುಗನಿಗೆ ಅವ್ಯಾವೂ ಇರಲಿಲ್ಲ. ಮೊದಲು ದಿನಕ್ಕೆ ಮುಕ್ಕಾಲು ಗಂಟೆ ಇದ್ದ ರಿಯಾಜ್ (ತಬಲಾ ಅಭ್ಯಾಸ), ಸ್ಪರ್ಧೆ ಬಂತು ಅಂತ ಹತ್ತೇ ದಿನದಲ್ಲಿ ಮೂರು ಗಂಟೆಗೆ ಏರಿತ್ತು. ಅದರ ಮೇಲೆ ಕಾಲೇಜಿನ ನೋಟ್ಸ್, ರಾತ್ರಿ ಮೊಬೈಲ್. ಅಂಗೈ ಕೆಳಗೆ ಮಾಡಿಸಿ, ಕೈ ಮೇಲೆತ್ತು ಅಂತ ಹೇಳಿ ನಾನು ಮೇಲಿಂದ ಒತ್ತಿದೆ. ತಟ್ಟನೆ ಮುಖ ಕಿವುಚಿದ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುಗಳು ದಣಿದಿದ್ದವು. ಮುಷ್ಟಿ ಬಿಗಿಯುವಾಗ ಮಣಿಕಟ್ಟನ್ನು ಹಿಡಿದು ನಿಲ್ಲಿಸುವುದೂ ಅವೇ. ನೀವೇ ನೋಡಿ, ಮಣಿಕಟ್ಟನ್ನು ಪೂರ್ತಿ ಕೆಳಗೆ ಬಗ್ಗಿಸಿ ಮುಷ್ಟಿ ಕಟ್ಟಿ. ಹಿಡಿತವೇ ಸಿಗಲ್ಲ, ಅಲ್ವಾ?

"ಬಿಡಬ್ಯಾಡಪ್ಪಾ, ಕಡಿಮಿ ಮಾಡು" ಅಂದೆ. ರಿಯಾಜ್ ದಿನಕ್ಕೆ 15 ನಿಮಿಷ, ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ ಮಾತ್ರ. ಮುಂಗೈಯನ್ನು ಟೇಬಲ್ ಮೇಲಿಟ್ಟು ಹಸ್ತವನ್ನು ಅಂಚಿನಿಂದ ಹೊರಗೆ ಬಿಡಬೇಕು. ಎಡಗೈಯಿಂದ ಅದನ್ನು ಕೆಳಗೆ ಒತ್ತಬೇಕು, ಬಲಗೈ ಅಲುಗಾಡದೆ ತಡೆಯಬೇಕು. 30 ಸೆಕೆಂಡು ಹಿಡಿಯಬೇಕು, ಹೀಗೆ ಐದು ಸಲ, ದಿನಕ್ಕೆರಡು ಹೊತ್ತು. ಮೊದಲ ವಾರ ಅವನು ಅವಸರದಲ್ಲಿ ಹತ್ತು ಸೆಕೆಂಡಿಗೇ ಬಿಡುತ್ತಿದ್ದ. ಆಗ ತೀನ್‌ತಾಲ ಹೊಳೆಯಿತು. ಅದು 16 ಮಾತ್ರೆಯ ತಾಳ, ಅಂದರೆ ಒಂದು ಸುತ್ತಿಗೆ (ಆವರ್ತನಕ್ಕೆ) 16 ಎಣಿಕೆ. ಸೆಕೆಂಡಿಗೊಂದು ಮಾತ್ರೆ ಹಾಕಿದರೆ ಎರಡು ಆವರ್ತನಕ್ಕೆ 32 ಸೆಕೆಂಡು. "ಧಾ ಧಿನ್ ಧಿನ್ ಧಾ" ಅಂತ ಬಾಯಲ್ಲಿ ಹೇಳುತ್ತ ಹಿಡಿ ಅಂದೆ. ಆಮೇಲೆ ಒಂದು ಸಲವೂ ಸಮ್ (ಆವರ್ತನದ ಮೊದಲ ಮಾತ್ರೆ) ಬರುವ ಮುಂಚೆ ಕೈ ಬಿಟ್ಟಿಲ್ಲ.

ಮೂರನೇ ವಾರ ಅರ್ಧ ಲೀಟರ್ ಬಾಟಲಿಗೆ ಅರ್ಧ ನೀರು ತುಂಬಿಸಿದೆ. ಅಂದರೆ ಕಾಲು ಕಿಲೋ. ಎಡಗೈ ಆಸರೆಯಿಂದ ಮೇಲೆತ್ತುವುದು, ಬಲಗೈ ಒಂದರಿಂದಲೇ ನಾಲ್ಕು ಮಾತ್ರೆ ಎಣಿಸುತ್ತ ನಿಧಾನ ಇಳಿಸುವುದು. ಹತ್ತು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಈ ಇಳಿಸುವ ಕೆಲಸದಲ್ಲೂ ಟೆಂಡನ್ನಿಗೆ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರಿಗೆ) ಒಳ್ಳೇ ಅಭ್ಯಾಸ ಸಿಗುತ್ತದೆ. ಹೆಚ್ಚಿನವರು ಎತ್ತುವುದರ ಕಡೆಗೇ ಗಮನ ಕೊಟ್ಟು, ಇಳಿಸುವಾಗ ಕೈ ದಬ್ ಅಂತ ಬಿಟ್ಟುಬಿಡುತ್ತಾರೆ.

ನೋವಿಗೂ ಒಂದು ಲೆಕ್ಕ ಹೇಳಿದ್ದೆ. ಹತ್ತರಲ್ಲಿ ಮೂರರಷ್ಟು ನೋವು ಬಂದರೆ ಹೆದರಬೇಡ, ಮಾಡು. ಆದರೆ ಮರುದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿದಿಲ್ಲ ಅಂದರೆ ನಿನ್ನೆ ಮಾಡಿದ್ದು ಜಾಸ್ತಿಯಾಗಿದೆ ಅಂತ ಅರ್ಥ.

ಆ ಲೆಕ್ಕವನ್ನು ನಾನೇ ಮೀರಿದೆ. ನಾಲ್ಕನೇ ವಾರ ಅವನು ನಗುತ್ತ ಬಂದಿದ್ದ. ಇನ್ನು ಬೇಗ ಬೇಗ ಸಾಗಬಹುದು ಅಂದುಕೊಂಡು ಒಂದೇ ದಿನ ಮೂರು ಹೊಸ ವ್ಯಾಯಾಮ ಸೇರಿಸಿದೆ. ಒದ್ದೆ ಟವೆಲ್ ಹಿಂಡುವುದು, ಮೆತ್ತನೆಯ ಚೆಂಡು ಅದುಮುವುದು, ಲಟ್ಟಣಿಗೆಯ ಒಂದು ತುದಿ ಹಿಡಿದು ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವುದು. ಎರಡು ದಿನ ಬಿಟ್ಟು ತಾಯಿ ಫೋನ್ ಮಾಡಿದರು, ಪೆನ್ ಹಿಡಿಯಲಿಕ್ಕೂ ಆಗುತ್ತಿಲ್ಲ ಅಂತ. ತಪ್ಪು ಹುಡುಗನದ್ದಲ್ಲ, ನನ್ನದೇ ಅಂತ ಅವರಿಗೆ ಹೇಳಿದೆ. ಎರಡು ವಾರ ಹಿಂದೆ ಹೋಗಿ, ತಡೆದು ಹಿಡಿಯುವ ವ್ಯಾಯಾಮದಿಂದಲೇ ಮತ್ತೆ ಶುರು ಮಾಡಿದೆವು. ಅವತ್ತಿನಿಂದ ಯಾರಿಗೇ ಆಗಲಿ, ಒಂದು ಸಲಕ್ಕೆ ಒಂದೇ ಹೊಸ ವ್ಯಾಯಾಮ. ಒಂದು ರಾತ್ರಿ ಕಳೆದು ಕೈ ಏನು ಹೇಳುತ್ತದೆ ನೋಡಿಯೇ ಮುಂದಿನದು.

ಅದೇ ಸಮಯಕ್ಕೆ ಒಬ್ಬಳು ಹುಡುಗಿಯೂ ಬರುತ್ತಿದ್ದಳು, 15 ವರ್ಷ. ಅವಳ ಮಣಿಕಟ್ಟು ಬಗ್ಗಿಸಿ ಹೆಬ್ಬೆರಳನ್ನು ಒತ್ತಿದರೆ ಅದು ಮುಂಗೈಯ ಒಳಭಾಗಕ್ಕೆ ತಾಗುತ್ತಿತ್ತು. ಅಷ್ಟು ಸಡಿಲ ಕೀಲು. ಯಾರೋ ಹೇಳಿದರು ಅಂತ ದಿನಾ ಮಣಿಕಟ್ಟನ್ನು ಎಳೆದೆಳೆದು ಸ್ಟ್ರೆಚ್ ಮಾಡುತ್ತಿದ್ದಳು, ನೋವು ಹೆಚ್ಚುತ್ತಲೇ ಇತ್ತು. ಮೊದಲೇ ಸಡಿಲ ಇದ್ದದ್ದನ್ನು ಇನ್ನೂ ಯಾಕೆ ಎಳೆಯಬೇಕು? ಸ್ಟ್ರೆಚ್ ನಿಲ್ಲಿಸಿದೆ. ತಟ್ಟೆಯ ಮೇಲೆ ಚೆಂಡಿಟ್ಟು ಬೀಳದಂತೆ ತಟ್ಟೆ ಆಡಿಸುವುದು, ಗೋಡೆಗೆ ಕೈ ಊರಿ ಪುಷ್‌ಅಪ್, ಅದು ಸಲೀಸಾದ ಮೇಲೆ ಟೇಬಲ್ಲಿಗೆ. ಅವಳದ್ದು ನಿಧಾನದ ದಾರಿಯೇ ಆಯಿತು, ಆದರೆ ಈಗ ಶಾಲೆಗೆ ಮಣಿಕಟ್ಟಿಗೆ ಬೆಲ್ಟ್ ಕಟ್ಟಿಕೊಂಡು ಹೋಗುವುದಿಲ್ಲ.

ತಬಲಾ ಹುಡುಗನಿಗೆ ಒಟ್ಟು ಹದಿನಾಲ್ಕು ವಾರ ಹಿಡಿಯಿತು. ಆ ಸ್ಪರ್ಧೆ ತಪ್ಪಿತು, ಅದರ ಬೇಸರ ಅವನಿಗೂ ನನಗೂ ಇತ್ತು. ರಿಯಾಜನ್ನು ವಾರಕ್ಕೆ ಹತ್ತು ನಿಮಿಷದಂತೆ ಏರಿಸಿದೆವು. ವೇಗದ ದ್ರುತ್ ಲಯ, ತಿರಕಿಟದಂಥ ಚುರುಕು ಬೋಲ್ ಎಲ್ಲ ಕೊನೆಗೆ. ಬೆನ್ನು ಗೂನಾಗಿಸಿ ಕೂರುತ್ತಿದ್ದ, ಭುಜದ ಹಿಂದಿನ ಸ್ನಾಯುಗಳಿಗೂ ಕೆಲಸ ಕೊಟ್ಟೆ. ಭುಜ ನಿಲ್ಲದಿದ್ದರೆ ಅದರ ಹೊರೆಯೂ ಮಣಿಕಟ್ಟಿನ ಮೇಲೇ ಬೀಳಬಹುದು.

ಕೊನೆಯ ಸಲ ಬಂದಾಗ ಅವನ ನೋಟ್‌ಬುಕ್ ನೋಡಿದೆ. ಒಂದು ಸಾಲಿನಲ್ಲಿ ರಿಯಾಜಿನ ನಿಮಿಷ, ಪಕ್ಕದಲ್ಲಿ ಮರುದಿನ ಬೆಳಗಿನ ನೋವು. ನಿಮಿಷ 80ಕ್ಕೆ ಬಂದಿತ್ತು, ನೋವು ಸೊನ್ನೆ, ಅಲ್ಲೊಂದು ಇಲ್ಲೊಂದು ಕಡೆ ಒಂದು. ಬಾಟಲಿ ಹೋಗಿ ಒಂದು ಕಿಲೋದ ಡಂಬೆಲ್ ಬಂದಿತ್ತು.

"ಇನ್ನ ಇದನ್ನ ಬಿಡಬಹುದೇನ್ರಿ ಮೇಡಂ?"

"ವಾರಕ್ಕ ಎರಡ ಸಲ ಇರ್ಲಿ" ಅಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.