ಡಿಮೆನ್ಶಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರು ಆಸ್ಪತ್ರೆ ಸೇರುವಂತಾಗದಿರಲು

ಇವರು ಆಸ್ಪತ್ರೆ ಸೇರುವುದು ಹೆಚ್ಚಾಗಿ ಮರೆವಿನಿಂದಲ್ಲ. ಮೈಯಲ್ಲಿ ನೀರು ಕಡಿಮೆಯಾಗಿ, ಸೋಂಕು ತಗಲಿ, ಇಲ್ಲವೇ ಬಿದ್ದು ಸೊಂಟ ಮುರಿದುಕೊಂಡು.

ನೀರಿನಿಂದ ಶುರು ಮಾಡಿ. ಮಂಗಳೂರು, ಉಡುಪಿಯ ಏಪ್ರಿಲ್ ಸೆಕೆಗೆ ಕೂತಲ್ಲೇ ಬೆವರು ಇಳಿಯುತ್ತದೆ; ಇವರಿಗೋ ಬಾಯಾರಿದ್ದೇ ಗೊತ್ತಾಗುವುದಿಲ್ಲ. "ನೀರು ಬೇಕಾ?" ಎಂದರೆ "ಬೇಡ" ಎಂದೇ ಉತ್ತರ. ಕೇಳಲು ಹೋಗಬೇಡಿ. ಎರಡು ಗಂಟೆಗೊಮ್ಮೆ ಲೋಟ ಕೈಗಿಟ್ಟು, ಎದುರು ಕೂತು ನೀವೂ ಕುಡಿಯಿರಿ. ಗಂಜಿ ತಿಳಿ, ಮಜ್ಜಿಗೆ, ಪುನರ್ಪುಳಿ ಶರಬತ್ತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹೃದಯ, ಕಿಡ್ನಿ ತೊಂದರೆ ಇದ್ದರೆ ದಿನದ ಅಳತೆ ಡಾಕ್ಟರೇ ಹೇಳಲಿ. ಕುಡಿದಾಗಲೆಲ್ಲ ಕೆಮ್ಮು ಬಂದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು, ಅದನ್ನೂ ಹೇಳಿ. ಮಲಗಿದಲ್ಲೇ ಕುಡಿಸುವುದಂತೂ ಬೇಡವೇ ಬೇಡ.

ಒಂದೆರಡು ದಿನದಲ್ಲೇ ತೀರಾ ಗಲಿಬಿಲಿಯಾದರೆ, ಅಥವಾ ಮಂಕಾಗಿ ಮಲಗಿಯೇ ಇದ್ದರೆ, "ಕಾಯಿಲೆ ಜೋರಾಯಿತು" ಎಂದು ಸುಮ್ಮನಿರಬೇಡಿ. ಮರೆವು ಸಾಮಾನ್ಯವಾಗಿ ಹೀಗೆ ದಿಢೀರನೆ ಏರುವುದಿಲ್ಲ. ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿರುವುದು, ಹೊಸ ಮಾತ್ರೆ ಇವುಗಳಲ್ಲಿ ಯಾವುದಾದರೂ ಇರಬಹುದು; ಅದೇ ದಿನ ತೋರಿಸಿ. ಶೀತಕ್ಕೆಂದು ಮೆಡಿಕಲ್‌ನಿಂದ ತರುವ ಹಲವು ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮೈನ್ ಇರುತ್ತದೆ. ಇಂಥವರ ತಲೆ ಕೆಡಿಸಲು, ಮೂತ್ರ ಕಟ್ಟಿಸಲು ಅದೊಂದೇ ಸಾಕು. ಮುಖ ಸೊಟ್ಟಗಾದರೆ, ಒಂದು ಬದಿಯ ಕೈಕಾಲು ಸೋತರೆ ಕಾಯದೆ 108ಕ್ಕೆ ಕರೆ ಮಾಡಿ.

ಇನ್ನು ಬೀಳದಂತೆ ನೋಡಿಕೊಳ್ಳುವುದು. ಮಳೆಗಾಲ ಹಿಡಿದರೆ ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ. ಕರೆಂಟು ಹೋದರೂ ಆರದಂತೆ ಬಚ್ಚಲಿನ ದಾರಿಯ ದೀಪವನ್ನು ಇನ್ವರ್ಟರ್‌ಗೆ ಸೇರಿಸಿ. ಬಚ್ಚಲಲ್ಲಿ ಗೋಡೆಗೆ ಕೊರೆದು ಸ್ಟೀಲ್ ಹಿಡಿಕೆ ಕೂರಿಸಬೇಕು. ಟವೆಲ್ ಹಾಕುವ ಸರಳು ಜಾರಿದವರ ಭಾರಕ್ಕೆ ಕಿತ್ತೇ ಬರುತ್ತದೆ.