ಮೈನಸ್ 20 ಡಿಗ್ರಿಯಲ್ಲಿ ಕಂಪ್ಯೂಟರ್: ಕೊಳವೆ, ಪಂಪ್ ಆರಿಸುವುದು ಹೇಗೆ?

2018ರ ಜೂನ್‌ನಲ್ಲಿ ತೈಪೆಯ ಕಂಪ್ಯುಟೆಕ್ಸ್ ಮೇಳದಲ್ಲಿ ಇಂಟೆಲ್ ಕಂಪನಿ 28 ಕೋರ್‌ಗಳ ಪ್ರೊಸೆಸರ್ ಒಂದನ್ನು 5 ಗಿಗಾಹರ್ಟ್ಸ್ ವೇಗದಲ್ಲಿ ಓಡಿಸಿ ತೋರಿಸಿತು. ಅದನ್ನು ತಣ್ಣಗಿಟ್ಟಿದ್ದು ಒಂದು ಅಶ್ವಶಕ್ತಿಯ ನೀರಿನ ಚಿಲ್ಲರ್, ಅಂದರೆ ಫ್ರಿಜ್‌ನಂತೆ ಕಂಪ್ರೆಸರ್ ಬಳಸಿ ನೀರನ್ನು ತಣಿಸುವ ಯಂತ್ರ. ಅಕ್ವೇರಿಯಂಗಳಿಗೆ ಬಳಸುವ ಇಂಥ ಚಿಲ್ಲರ್‌ಗಳು ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸಿಗೆ ನಿಲ್ಲುತ್ತವೆ. ಅಲ್ಲಿಯವರೆಗೆ ಕೊಳವೆಯಲ್ಲಿ ನೀರು ಹರಿಸಿ ಪ್ರೊಸೆಸರ್ ತಣಿಸುವ ಮಾಮೂಲಿ ವಾಟರ್ ಕೂಲಿಂಗ್ ಸಾಮಗ್ರಿಯೇ ಸಾಕು, ಇಬ್ಬನಿ ಕೂರದಂತೆ ಮೇಲೊಂದು ಒಳ್ಳೆಯ ಹೊದಿಕೆ ಇದ್ದರಾಯಿತು. ಸೊನ್ನೆಯ ಕೆಳಗಿಳಿದರೆ ಲೆಕ್ಕವೇ ಬೇರೆ. 300 ವಾಟ್ ಶಾಖ ಹೊರಹಾಕುವ ಪ್ರೊಸೆಸರ್‌ಗೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ದ್ರವ ಹರಿಸಬೇಕು ಎಂದುಕೊಂಡು ಮುಂದುವರಿಯೋಣ.

ಮೊದಲು ದ್ರವ

ಕೊಳವೆಯನ್ನೂ ಪಂಪನ್ನೂ ನಿರ್ಧರಿಸುವುದು ದ್ರವ. ಹಾಗಾಗಿ ಅದನ್ನು ಗೊತ್ತುಮಾಡದೆ ಅಂಗಡಿಗೆ ಹೋಗಬೇಡಿ. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲಿನಲ್ಲಿ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಮೈನಸ್ 20ಕ್ಕೆ ಇಷ್ಟೊಂದು ಅಂತರ ಏಕೆ ಎಂದರೆ, ಚಿಲ್ಲರ್‌ನೊಳಗೆ ದ್ರವವನ್ನು ತಣಿಸುವ ಭಾಗವಾದ ಇವ್ಯಾಪರೇಟರ್ ದ್ರವಕ್ಕಿಂತ ಹಲವು ಡಿಗ್ರಿ ತಣ್ಣಗಿರುತ್ತದೆ. ಮೊದಲು ಹೆಪ್ಪುಗಟ್ಟುವುದು ಅಲ್ಲಿಯೇ. ಮಿಶ್ರಣದ ಪ್ರಮಾಣವನ್ನು ರಿಫ್ರಾಕ್ಟೋಮೀಟರ್‌ನಲ್ಲಿ (ದ್ರವದಲ್ಲಿ ಬೆಳಕು ಬಾಗುವುದನ್ನು ನೋಡಿ ಪ್ರಮಾಣ ತಿಳಿಸುವ ಉಪಕರಣ) ಅಳೆಯಿರಿ, ಅಂದಾಜು ಬೇಡ.

ಎಥಿಲೀನ್ ಗ್ಲೈಕಾಲ್ ವಿಷ, ರುಚಿಯಲ್ಲಿ ಸಿಹಿ. ಮಕ್ಕಳು, ನಾಯಿ ಬೆಕ್ಕುಗಳಿರುವ ಮನೆಯಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಒಳ್ಳೆಯದು, ಆದರೆ ತಣ್ಣಗಾದಾಗ ಅದು ಇನ್ನೂ ಹೆಚ್ಚು ಮಂದವಾಗುತ್ತದೆ. ಮೆಥನಾಲ್ ಸಲೀಸಾಗಿ ಹರಿಯುತ್ತದೆ ನಿಜ, ಆದರೆ ಅದು ವಿಷವೂ ಹೌದು, ಕೋಣೆಯ ಉಷ್ಣತೆಯಲ್ಲೇ ಬೆಂಕಿ ಹಿಡಿಯುವ ಆವಿಯನ್ನೂ ಬಿಡುತ್ತದೆ. ಮನೆಯೊಳಗೆ ಅದನ್ನು ನಾನು ಯಾರಿಗೂ ಸೂಚಿಸಲಾರೆ.

ಕೊಳವೆ

ಪಾರದರ್ಶಕ ಪಿವಿಸಿ ಕೊಳವೆ ನೋಡಲು ಚೆಂದ. ತಣ್ಣಗಾದಂತೆ ಅದು ಸೆಟೆದುಕೊಳ್ಳುತ್ತದೆ, ಫಿಟ್ಟಿಂಗ್ ಮೇಲಿನ ಹಿಡಿತ ಬಿಡುತ್ತದೆ. ಅಕ್ರಿಲಿಕ್ ಗಟ್ಟಿ ಕೊಳವೆಯ ತೊಂದರೆ ಕುಗ್ಗುವಿಕೆ: 30 ಸೆಂ.ಮೀ. ಉದ್ದದ ತುಂಡು 40 ಡಿಗ್ರಿ ತಣಿದರೆ ಹೆಚ್ಚುಕಡಿಮೆ 0.8 ಮಿ.ಮೀ. ಗಿಡ್ಡವಾಗುತ್ತದೆ. ಆಲ್ಕೋಹಾಲ್ ತಗುಲಿದರೆ ಅದರಲ್ಲಿ ಬಿರುಕುಗಳೂ ಏಳುತ್ತವೆ. ಸಿಲಿಕೋನ್ ಮೈನಸ್ 50ರಲ್ಲೂ ಬಾಗುತ್ತದೆ, ಆದರೆ ಅದರ ಗೋಡೆಯ ಮೂಲಕ ನೀರಾವಿ ದಾಟುತ್ತದೆ, ತಿರುವಿನಲ್ಲಿ ಸುಲಭವಾಗಿ ಮಡಚಿಕೊಳ್ಳುತ್ತದೆ. ನನ್ನ ಆಯ್ಕೆ ದಪ್ಪ ಗೋಡೆಯ ಇಪಿಡಿಎಂ ರಬ್ಬರ್. ಕಾರಿನ ಹೀಟರ್ ಹೋಸ್‌ಗೆ ಬಳಸುವುದೂ ಇದನ್ನೇ. ಮೈನಸ್ 40ರವರೆಗೂ ಸಾಮಾನ್ಯವಾಗಿ ತಾಳುತ್ತದೆ. ಒಳಗಿನ ದ್ರವ ಕಾಣಿಸದಿರುವುದೊಂದೇ ಕೊರತೆ, ಆದರೆ ಹೊದಿಕೆ ಹಾಕಿದ ಮೇಲೆ ಯಾವ ಕೊಳವೆಯಲ್ಲೂ ಅದು ಕಾಣುವುದಿಲ್ಲ.

ಒಳವ್ಯಾಸದಲ್ಲಿ ಜಿಪುಣತನ ಬೇಡ. ಮೈನಸ್ 20ರಲ್ಲಿ ಎಥಿಲೀನ್ ಗ್ಲೈಕಾಲ್ ಮಿಶ್ರಣದ ಸ್ನಿಗ್ಧತೆ ಕೋಣೆಯ ಉಷ್ಣತೆಯ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಅಷ್ಟು ಮಂದವಾದ ದ್ರವ ಸುಳಿಯಿಲ್ಲದೆ ಪದರಪದರವಾಗಿ ಹರಿಯುತ್ತದೆ. ಆಗ ಒತ್ತಡದ ನಷ್ಟ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ: 10 ಮಿ.ಮೀ. ಬದಲು 13 ಮಿ.ಮೀ. ಕೊಳವೆ ಹಾಕಿದರೆ ಅದೇ ಹರಿವಿಗೆ ನಷ್ಟ ಸುಮಾರು ಮೂರನೆಯ ಒಂದಕ್ಕೆ ಇಳಿಯುತ್ತದೆ. ದುಬಾರಿ ಪಂಪ್ ಕೊಡುವ ಲಾಭವನ್ನು ಅಗ್ಗದ ಕೊಳವೆಯೇ ಕೊಡುತ್ತದೆ.

ಕೀಲುಗಳಲ್ಲಿ ಸೋರಿಕೆ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗ್‌ಗಳನ್ನೂ ವಿಚಾರಿಸಿ. ಸಾಮಾನ್ಯ ವೈಟನ್ ರಬ್ಬರ್ ಬಿಸಿಗೆ ಗಟ್ಟಿಗ, ಚಳಿಗಲ್ಲ. ಮೈನಸ್ 20ರ ಹೊತ್ತಿಗೆ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ಇಲ್ಲಿಯೂ ಇಪಿಡಿಎಂ ಇರಲಿ. ಹೋಸ್ ಕ್ಲಿಪ್‌ಗಳಲ್ಲಿ ಸ್ಪ್ರಿಂಗ್ ಮಾದರಿಯೇ ವಾಸಿ: ರಬ್ಬರ್ ಕುಗ್ಗಿದಂತೆ ಅದೂ ಬಿಗಿಯುತ್ತದೆ.

ಕೊಳ್ಳುವ ಮುನ್ನ ಒಂದು ತುಂಡು ತಂದು ಗ್ಲೈಕಾಲ್ ಮಿಶ್ರಣ ತುಂಬಿ, ಎರಡೂ ತುದಿ ಮುಚ್ಚಿ, ಆಹಾರವಿಲ್ಲದ ಫ್ರೀಜರ್‌ನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ತೆಗೆದ ತಕ್ಷಣ ಬಗ್ಗಿಸಿ ನೋಡಿ, ಕ್ಲಿಪ್ ಬಳಿ ತೇವವಿದೆಯೇ ಗಮನಿಸಿ. ಮನೆಯ ಫ್ರೀಜರ್ ಸುಮಾರು ಮೈನಸ್ 18ರಲ್ಲಿರುವುದರಿಂದ ನಮ್ಮ ಗುರಿಗೆ ಇದು ಹತ್ತಿರದ ಪರೀಕ್ಷೆ.

ಪಂಪ್

ನಿಮಿಷಕ್ಕೆ 4 ಲೀಟರ್ ಹರಿದರೆ 300 ವಾಟ್ ಶಾಖ ಈ ದ್ರವವನ್ನು ಬಿಸಿಯಾಗಿಸುವುದು 1.3 ಡಿಗ್ರಿ ಮಾತ್ರ. ಆದ್ದರಿಂದ ಭಾರೀ ಹರಿವಿನ ಬೆನ್ನು ಹತ್ತಬೇಡಿ; ಮಂದ ದ್ರವವನ್ನು ತಳ್ಳುವ ಒತ್ತಡ ಇದೆಯೇ ನೋಡಿ. ಡಬ್ಬಿಯ ಮೇಲಿನ ಹೆಡ್ (ಪಂಪ್ ಎಷ್ಟು ಎತ್ತರಕ್ಕೆ ಏರಿಸಬಲ್ಲದು ಎಂಬ ಅಳತೆ), ಹರಿವಿನ ಅಂಕಿಗಳು ನೀರಿನವು ಎಂಬುದು ನೆನಪಿರಲಿ. ‘ಪಂಪನ್ನು ಬಿಸಿ ಬದಿಯಲ್ಲಿಡಿ’ ಎಂಬ ಸಲಹೆ ಕೇಳಿರುತ್ತೀರಿ. ಪ್ರೊಸೆಸರ್ ದಾಟಿ ಬರುವ ಬಿಸಿ ಬದಿಗೂ ಚಿಲ್ಲರ್‌ನಿಂದ ಬರುವ ತಣ್ಣನೆಯ ಬದಿಗೂ ನಡುವೆ ಇರುವುದೇ ಒಂದೆರಡು ಡಿಗ್ರಿ, ಹಾಗಾಗಿ ಪಂಪ್‌ಗೆ ಅದರಿಂದ ರಕ್ಷಣೆಯೇನೂ ಸಿಗದು.

ಕಂಪ್ಯೂಟರ್‌ಗಳಲ್ಲಿ ಜನಪ್ರಿಯವಾದ ಡಿ5 ಪಂಪ್‌ನಲ್ಲಿ ಮೋಟಾರಿನ ಎಲೆಕ್ಟ್ರಾನಿಕ್ಸ್ ದ್ರವಕ್ಕೆ ತೀರ ಹತ್ತಿರದಲ್ಲಿದೆ. ಅದು ತಣಿದರೆ ಅಲ್ಲಿ ಇಬ್ಬನಿ ಕೂರುತ್ತದೆ. ಮೋಟಾರ್ ಹೊರಗಿದ್ದು ಆಯಸ್ಕಾಂತದ ಮೂಲಕ ಇಂಪೆಲ್ಲರ್ (ದ್ರವ ತಳ್ಳುವ ಚಕ್ರ) ತಿರುಗಿಸುವ ಮ್ಯಾಗ್ನೆಟಿಕ್ ಡ್ರೈವ್ ಪಂಪ್‌ಗಳು ಈ ಕೆಲಸಕ್ಕೆ ಮೇಲು. ಜಪಾನಿನ ಇವಾಕಿ ಕಂಪನಿಯವು ಹವ್ಯಾಸಿಗಳಲ್ಲಿ ಹೆಸರುವಾಸಿ. ಪಂಪಿನ ತಲೆಗೆ ಮಾತ್ರ ಹೊದಿಕೆ ಹಾಕಿ, ಮೋಟಾರಿಗೆ ಗಾಳಿ ಬಿಡಿ. ವಿದೇಶದಿಂದ ತರಿಸುವುದಾದರೆ 230 ವೋಲ್ಟ್, 50 ಹರ್ಟ್ಸ್ ಮಾದರಿಯೇ ಎಂದು ಖಚಿತಪಡಿಸಿಕೊಳ್ಳಿ. ದ್ರವ ತೀರಾ ಮಂದವಾದರೆ ಆಯಸ್ಕಾಂತದ ಹಿಡಿತ ತಪ್ಪಿ, ಮೋಟಾರ್ ತಿರುಗುತ್ತಿದ್ದರೂ ಹರಿವು ನಿಂತಿರುತ್ತದೆ. ಅದಕ್ಕೇ ಹರಿವನ್ನು ಗಮನಿಸುವ ಫ್ಲೋ ಸ್ವಿಚ್ ಕಡ್ಡಾಯ: ಹರಿವು ನಿಂತರೆ ಕಂಪ್ರೆಸರೂ ಕಂಪ್ಯೂಟರೂ ಎರಡೂ ನಿಲ್ಲಬೇಕು.

ಹೊದಿಕೆ ಮತ್ತು ಮೊದಲ ಓಟ

ಮಂಗಳೂರಿನಲ್ಲಿ 30 ಡಿಗ್ರಿ ಸೆಖೆ, ಶೇ 80 ತೇವಾಂಶ ಇದ್ದರೆ 26 ಡಿಗ್ರಿಗಿಂತ ತಣ್ಣಗಿರುವ ಎಲ್ಲದರ ಮೇಲೂ ನೀರು ಕೂರುತ್ತದೆ. ಸ್ಪ್ಲಿಟ್ ಎ.ಸಿ.ಯ ತಾಮ್ರದ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ಫೋಮ್ ಇಲ್ಲಿಗೂ ಆಗುತ್ತದೆ, ದಪ್ಪ 19 ಮಿ.ಮೀ.ಗೆ ಕಡಿಮೆ ಬೇಡ. ಕೀಲುಗಳನ್ನು ಅಂಟಿನಿಂದ ಪೂರ್ತಿ ಮುಚ್ಚಿ. ಸಣ್ಣ ಸಂದಿಯಿಂದಲೂ ಗಾಳಿ ಒಳಹೋಗಿ ಫೋಮ್ ಕೆಳಗೆ ಮಂಜು ಕಟ್ಟುತ್ತದೆ.

ಹೊದಿಕೆ ಹಾಕುವ ಮೊದಲೇ ಕೋಣೆಯ ಉಷ್ಣತೆಯಲ್ಲಿ ಪಂಪ್ ಒಂದನ್ನೇ ಒಂದು ದಿನ ಓಡಿಸಿ ಸೋರಿಕೆ ನೋಡಿ. ಹೊದಿಕೆ ಹಾಕಿದ ಮೇಲೆ, ಕಂಪ್ಯೂಟರ್ ಆನ್ ಮಾಡದೆ ಚಿಲ್ಲರ್ ಚಾಲೂ ಮಾಡಿ, ಐದೈದು ಡಿಗ್ರಿಯಂತೆ ಇಳಿಸುತ್ತ ಪ್ರತಿ ಹಂತದಲ್ಲೂ ಹರಿವು ಬರೆದಿಟ್ಟುಕೊಳ್ಳಿ. ಯಾವುದೇ ಹಂತದಲ್ಲಿ ಅದು ಧಿಡೀರನೆ ಕುಸಿದರೆ ಗ್ಲೈಕಾಲ್ ಪ್ರಮಾಣವನ್ನು ಮತ್ತೆ ಅಳೆಯಿರಿ. ಅದು ಸರಿಯಿದ್ದರೆ ಕೊಳವೆಯ ವ್ಯಾಸ ನೋಡಿ, ಕೊನೆಗೆ ಪಂಪ್ ಬದಲಿಸುವ ಯೋಚನೆ ಮಾಡಿ.