ಡಬ್ಬಿ ಬಿಡಿ, ಚಿಪ್ ನೋಡಿ: ಲಿನಕ್ಸ್ ಮಷೀನಿಗೆ ವೈಫೈ ಆರಿಸಿದ ನನ್ನ ಅನುಭವ

ಮಂಡ್ಯದ ಒಂದು ಟ್ಯೂಷನ್ ಸೆಂಟರಿನ ಹನ್ನೆರಡು ಡೆಬಿಯನ್ (ಲಿನಕ್ಸಿನ ಒಂದು ಬಗೆ) ಮಷೀನುಗಳು ಒಂದು ವರ್ಷದ ಮೇಲಾಯಿತು, ಬರೀ ವೈಫೈ ಮೇಲೆ ಓಡುತ್ತಿವೆ. "ಲಿನಕ್ಸಿಗೆ ವೈಫೈ ಆಗಿಬರಲ್ಲ, ಸುಮ್ನೆ ಕೇಬಲ್ ಎಳೆದುಬಿಡಿ ಸಾರ್" ಎಂದವರೇ ಹೆಚ್ಚು. ಗೋಡೆ ಕೊರೆಯಲು ಕಟ್ಟಡದ ಮಾಲೀಕರು ಬಿಡಲಿಲ್ಲ, ಹಾಗಾಗಿ ಬೇರೆ ದಾರಿಯೂ ಇರಲಿಲ್ಲ.

ಮೊದಲ ಸುತ್ತಿನ ದುಡ್ಡು ನೀರಿಗೆ ಹೋಯಿತು. ಆರುನೂರು ಚಿಲ್ಲರೆಯ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಹಿಡಿಯುವ) ಯುಎಸ್‌ಬಿ ವೈಫೈ ಅಡಾಪ್ಟರ್ ಆರು, ಸುಮಾರು ನಾಲ್ಕು ಸಾವಿರ. ಅವುಗಳ ಡ್ರೈವರ್ ಆ ಮಷೀನುಗಳ ಕರ್ನಲ್ಲಿನಲ್ಲಿ (ಲಿನಕ್ಸಿನ ತಿರುಳು) ಇರಲಿಲ್ಲ, ಹೊರಗಿನಿಂದ ತಂದು ಡಿಕೆಎಂಎಸ್‌ನಲ್ಲಿ (ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಮತ್ತೆ ಕಟ್ಟುವ ಸಾಧನ) ಬಿಲ್ಡ್ ಮಾಡಬೇಕಿತ್ತು. ಕರ್ನಲ್ ಅಪ್‌ಡೇಟ್ ಆದ ದಿನ ಹೆಡರ್ ಪ್ಯಾಕೇಜ್ (ಡ್ರೈವರ್ ಕಟ್ಟಲು ಬೇಕಾದ ಫೈಲುಗಳು) ಜೊತೆಗೆ ಬಾರದ ಮಷೀನುಗಳಲ್ಲಿ ಡ್ರೈವರ್ ಮಾಡ್ಯೂಲ್ ಬಿಲ್ಡ್ ಆಗಲೇ ಇಲ್ಲ. ನೆಟ್ ಇಲ್ಲ, ನೆಟ್ ಇಲ್ಲದೆ ಹೆಡರ್ ಇಳಿಸುವಂತಿಲ್ಲ. ಫೋನಿನ ಯುಎಸ್‌ಬಿ ಟೆದರಿಂಗಿನಲ್ಲಿ ಒಂದೊಂದನ್ನೇ ಎಬ್ಬಿಸಿದ್ದಾಯಿತು. ಎರಡು ಅಡಾಪ್ಟರಂತೂ ಚುಚ್ಚಿದ ಕೂಡಲೇ ಸಿಡಿ ಡ್ರೈವ್ ಎಂದು ತೋರಿಸುತ್ತಿದ್ದವು. ವಿಂಡೋಸ್ ಡ್ರೈವರನ್ನು ಅದರೊಳಗೇ ಇಟ್ಟಿರುತ್ತಾರೆ, ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ಪ್ರೋಗ್ರಾಂ ಹಾಕಿದ ಮೇಲಷ್ಟೇ ರೇಡಿಯೋ ಏಳುತ್ತದೆ.

ಅಲ್ಲಿಂದಾಚೆಗೆ ಕರ್ನಲ್ಲಿನಲ್ಲೇ ಡ್ರೈವರ್ ಇರುವ ಚಿಪ್ ಬಿಟ್ಟು ಬೇರೆ ಮುಟ್ಟಿಲ್ಲ. ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪ್ ಜೊತೆಗಿರುತ್ತದೆ. ಚುಚ್ಚಿ, ಎಲ್‌ಎಸ್‌ಯುಎಸ್‌ಬಿ ಕಮಾಂಡ್ (ಚುಚ್ಚಿದ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುತ್ತದೆ) ಹೊಡೆದು ಐಡಿ ನೋಡಿದ ಮೇಲೇ ದುಡ್ಡು ಕೊಡುವುದು. ಡಬ್ಬಿಯ ಮೇಲಿನ ಮಾಡೆಲ್ ನಂಬರ್ ಸಾಲದು. ಟಿಪಿ-ಲಿಂಕ್ ಡಬ್ಲ್ಯುಎನ್722ಎನ್ ವರ್ಷನ್ 1ರಲ್ಲಿ ಅಥೆರಾಸ್ ಎಆರ್9271 ಇದೆ, ವರ್ಷನ್ 2ರಿಂದಾಚೆಗೆ ರಿಯಲ್‌ಟೆಕ್ ಚಿಪ್. ಹೆಸರು ಅದೇ, ಒಳಗಿನ ಚಿಪ್ ಬೇರೆ. ಐಡಿ 0ಸಿಎಫ್3:9271 ಬಂದರೆ ಕಣ್ಣುಮುಚ್ಚಿ ತಗೊಳ್ಳಿ. ಫರ್ಮ್‌ವೇರ್ (ಚಿಪ್ಪಿನೊಳಗೆ ಓಡುವ ಪ್ರೋಗ್ರಾಂ) ಕೂಡ ಓಪನ್ ಸೋರ್ಸ್. 2.4 ಗಿಗಾಹರ್ಟ್ಸ್ ಮಾತ್ರ, ನಿಜವಾದ ವೇಗ 40-50 ಎಂಬಿಪಿಎಸ್ ಆಸುಪಾಸು, ಪಾಠದ ವಿಡಿಯೋಗೆ ಅಷ್ಟು ಸಾಕು. ಇಂಥವು ಏಳು ಮಷೀನಿಗೆ, ತಲಾ ಐನೂರರಿಂದ ಏಳುನೂರು. ಹಳೇ ವರ್ಷನ್ 1 ಎಲ್ಲಿ ಸಿಗುತ್ತದೆ ಎನ್ನುವುದು ನನ್ನಲ್ಲೇ ಇರಲಿ, ಇನ್ನೂ ಒಂದಷ್ಟು ಬೇಕಾಗಿವೆ.

5 ಗಿಗಾಹರ್ಟ್ಸ್ ಬೇಕಾದ ಮೂರು ಮಷೀನಿಗೆ ಮೀಡಿಯಾಟೆಕ್ ಎಂಟಿ7612ಯು, ತಲಾ ಎರಡು ಸಾವಿರದ ಹತ್ತಿರ. ಕರ್ನಲ್ 4.19ರಿಂದಲೇ ಡ್ರೈವರ್ ಇದೆ. ಒಂದು ಮಷೀನಿನಲ್ಲಿ ಯುಎಸ್‌ಬಿ 3 ಪೋರ್ಟಿಗೆ ಹಾಕಿದರೆ ಅರ್ಧ ಗಂಟೆಗೊಮ್ಮೆ ಬಿದ್ದುಹೋಗುತ್ತಿತ್ತು. ಮಾಡ್‌ಪ್ರೋಬ್ ಕಾನ್ಫಿಗ್‌ನಲ್ಲಿ (ಡ್ರೈವರಿನ ಸೆಟ್ಟಿಂಗ್ ಬರೆಯುವ ಫೈಲ್) ಎಂಟಿ76_ಯುಎಸ್‌ಬಿ ಮಾಡ್ಯೂಲಿಗೆ ಡಿಸೇಬಲ್_ಯುಎಸ್‌ಬಿ_ಎಸ್‌ಜಿ=1 ಕೊಟ್ಟ ಮೇಲೆ ಬೀಳುವುದು ನಿಂತಿತು.

ಉಳಿದ ಎರಡು ಲ್ಯಾಪ್‌ಟಾಪ್. ಅವಕ್ಕೆ ಇಂಟೆಲ್ ಎಎಕ್ಸ್210 (ಲ್ಯಾಪ್‌ಟಾಪಿನೊಳಗೆ ಕೂರುವ ಎಂ.2 ವೈಫೈ ಕಾರ್ಡ್), ಕರ್ನಲ್ 5.10 ಅಥವಾ ಹೊಸದು ಬೇಕು. ಎಎಕ್ಸ್211 ಅಂತ ಕಡಿಮೆಗೆ ಸಿಕ್ಕರೆ ಮೋಸಹೋಗಬೇಡಿ. ಅದು ಸಿಎನ್‌ವಿಐ (ವೈಫೈನ ಒಂದಷ್ಟು ಕೆಲಸ ಇಂಟೆಲ್ ಚಿಪ್‌ಸೆಟ್ಟಿನಲ್ಲೇ ನಡೆಯುವ ಬಗೆ), ಹೊಂದುವ ಇಂಟೆಲ್ ಬೋರ್ಡ್ ಇಲ್ಲದೆ ಕೆಲಸ ಮಾಡಲ್ಲ. ಹಳೇ ಮಿನಿ ಪಿಸಿಐ ಕಾರ್ಡಿನ ಆಂಟೆನಾ ವೈರೂ ಎಎಕ್ಸ್210ಕ್ಕೆ ಕೂರಲ್ಲ, ಎಂ.2 ಕಾರ್ಡಿನ ಕನೆಕ್ಟರ್ ಇನ್ನೂ ಸಣ್ಣದು. ಹಾಗೇ ಒತ್ತಲು ಹೋಗಿ ಒಂದು ಕಾರ್ಡಿನ ಪಿನ್ ಕಿತ್ತುಬಂತು, ಸಾವಿರದೈನೂರು ಹೋಯಿತು.

ಎಲ್ಲಾ ಸರಿಯಿದ್ದೂ ಎಸ್‌ಎಸ್‌ಎಚ್ (ದೂರದಿಂದ ಮಷೀನಿಗೆ ಲಾಗಿನ್ ಆಗುವ ವಿಧಾನ) ಎಳೆದಾಡಿದರೆ ಮೊದಲು ವೈಫೈ ಪವರ್ ಸೇವ್ ಆಫ್ ಮಾಡಿ: ನೆಟ್‌ವರ್ಕ್ ಮ್ಯಾನೇಜರಿನಲ್ಲಿ ವೈಫೈ.ಪವರ್‌ಸೇವ್ = 2 (2 ಎಂದರೆ ಆಫ್). ಇನ್ನೊಂದು ಕಾಟ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಅದರ ಗದ್ದಲ 2.4 ಗಿಗಾಹರ್ಟ್ಸ್ ಮೇಲೇ ಬೀಳುತ್ತದೆ. ಪಕ್ಕದ ಪೋರ್ಟಿನಲ್ಲಿದ್ದ ವೈಫೈ ಅಡಾಪ್ಟರನ್ನು ಒಂದು ಮೀಟರ್ ಯುಎಸ್‌ಬಿ 2 ಎಕ್ಸ್‌ಟೆನ್ಷನ್ನಿಂದ ಮೇಜಿನಾಚೆಗೆ ತಂದಾಗ ಸಿಗ್ನಲ್ ಮೈನಸ್ 70 ಡಿಬಿಎಂನಲ್ಲೇ ಇದ್ದರೂ ಪ್ಯಾಕೆಟ್ ಕಳೆಯುವುದು ನಿಂತಿತು. ಎಂಬತ್ತು ರೂಪಾಯಿಯ ವೈರ್ ಅಷ್ಟೇ.

ಮೈಸೂರಿನ ಅಗ್ರಹಾರದ ಒಂದು ಹಳೇ ಮನೆಯಲ್ಲಿ ಬೇರೆ ಪ್ರಯೋಗವೂ ನಡೆದಿದೆ. ಒಂದೂವರೆ ಅಡಿ ದಪ್ಪದ ಗೋಡೆ, 5 ಗಿಗಾಹರ್ಟ್ಸ್ ನಡುಮನೆ ದಾಟುವುದಿಲ್ಲ. ಹಳೇ ಡೆಸ್ಕ್‌ಟಾಪಿಗೆ ಎಆರ್9280 ಕಾರ್ಡ್ ಹಾಕಿ ಓಪನ್‌ಬಿಎಸ್‌ಡಿ (ಲಿನಕ್ಸ್ ಅಲ್ಲದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕೂರಿಸಿ, ಅದರ ಎಥ್ಎನ್ ಡ್ರೈವರಿನಲ್ಲಿ 2.4 ಗಿಗಾಹರ್ಟ್ಸ್ ಹೋಸ್ಟ್‌ಎಪಿ ಮಾಡಿದೆ, ಅಂದರೆ ಆ ಮಷೀನನ್ನೇ ವೈಫೈ ಹಂಚುವ ಎಪಿ (ಆಕ್ಸೆಸ್ ಪಾಯಿಂಟ್) ಮಾಡಿದೆ. ಯುಎಸ್‌ಬಿ ಅಲ್ಲದೆ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಾದ್ದರಿಂದ ಫರ್ಮ್‌ವೇರ್ ಕೂಡ ಇಳಿಸಬೇಕಿಲ್ಲ. ಆರೇಳು ಫೋನು ಅಡುಗೆಮನೆಯವರೆಗೂ ಹಿಡಿಯುತ್ತವೆ. ಎಎಕ್ಸ್210ರಲ್ಲಿ ಇದನ್ನೇ 5 ಗಿಗಾಹರ್ಟ್ಸ್‌ನಲ್ಲಿ ಮಾಡಲು ಹೋಗಬೇಡಿ, ಇಂಟೆಲ್ ಫರ್ಮ್‌ವೇರ್ ಆ ಬ್ಯಾಂಡಿನಲ್ಲಿ ಎಪಿ ಏಳಲು ಬಿಡುವುದಿಲ್ಲ. ಎಪಿ ಮಾಡುವ ಉದ್ದೇಶವಿದ್ದರೆ ಕೊಳ್ಳುವ ಮೊದಲೇ ಐಡಬ್ಲ್ಯು ಲಿಸ್ಟ್‌ ಕಮಾಂಡಿನಲ್ಲಿ (ಕಾರ್ಡ್ ಏನೇನು ಮಾಡಬಲ್ಲದೆಂದು ಹೇಳುತ್ತದೆ) ಎಪಿ ಮೋಡ್ ಇದೆಯೇ, 5 ಗಿಗಾಹರ್ಟ್ಸ್ ಚಾನೆಲ್ಲುಗಳ ಪಕ್ಕ "ನೋ ಐಆರ್" (ಆ ಚಾನೆಲ್ಲಿನಲ್ಲಿ ತಾನಾಗಿ ಪ್ರಸಾರ ಶುರುಮಾಡುವಂತಿಲ್ಲ ಎಂದರ್ಥ) ಎಂದಿದೆಯೇ, ಎರಡನ್ನೂ ನೋಡಿಕೊಳ್ಳಿ.